ಓರೆ ಮೈದಾನದ ಒಡ್ಡೋಲಗ

ಲಾರ್ಡ್ಸ್ ಮೈದಾನ ಸಮತಟ್ಟಾಗಿಲ್ಲ. ಟಿವಿಯಲ್ಲಿ ನೋಡಿದವರಿಗೆ ಇದು ತಿಳಿಯುವುದು ಕಷ್ಟ. ಕ್ಯಾಮೆರಾ ಎಂಥ ಓರೆಕೋರೆಯನ್ನೂ ನೆಟ್ಟಗೆ ಮಾಡಿ ತೋರಿಸುತ್ತದೆ. ದಕ್ಷಿಣ ದಿಕ್ಕಿನ ಟ್ಯಾವರ್ನ್ ಸ್ಟ್ಯಾಂಡಿನ ಕೆಳಸಾಲಿನಲ್ಲಿ ಕೂತು ಎದುರಿನ ಗ್ರ್ಯಾಂಡ್ ಸ್ಟ್ಯಾಂಡ್ ಕಡೆ ಕಣ್ಣು ಹಾಯಿಸಿದರೆ ಹುಲ್ಲು ಮೆಲ್ಲಗೆ ಏರುತ್ತಾ ಹೋಗುವುದು ಕಾಣುತ್ತದೆ. ವಾಯವ್ಯ ಮೂಲೆಗೂ ಆಗ್ನೇಯ ಮೂಲೆಗೂ ಎರಡೂವರೆ ಮೀಟರ್ ವ್ಯತ್ಯಾಸ, ಅಂದರೆ ಎಂಟಡಿ ಚಿಲ್ಲರೆ. ಮೇಲಿನ ಮೂಲೆಯಲ್ಲಿ ನಿಂತವನ ಬೂಟು ಕೆಳಗಿನ ಮೂಲೆಯಲ್ಲಿ ನಿಂತವನ ತಲೆಗಿಂತ ಎತ್ತರದಲ್ಲಿರುತ್ತದೆ. ನೀರು ಈಶಾನ್ಯಕ್ಕೆ ಹರಿಯಬೇಕು ಎನ್ನುವ ನಮ್ಮ ವಾಸ್ತು ಪಂಡಿತರನ್ನು ಕರೆಸಿದ್ದರೆ ಮೊದಲ ದಿನವೇ ಪೆವಿಲಿಯನ್ ಕೆಡವಿಸುತ್ತಿದ್ದರು. ಇವರು ಮಾತ್ರ 1814ರಿಂದ ಇದೇ ಓರೆಯ ಮೇಲೆ ಜಗತ್ತನ್ನೆಲ್ಲ ಕರೆಸಿ ಆಡಿಸುತ್ತಿದ್ದಾರೆ.

ಲಂಡನ್ನಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ತಂಗಿಯ ಮಗನಿಗೆ ನನ್ನ ಆಸೆ ವಿಚಿತ್ರವಾಗಿ ಕಂಡಿತ್ತು. "ಮಾವ, ಮ್ಯಾಚ್ ಇಲ್ಲದ ದಿನ ಖಾಲಿ ಮೈದಾನ ನೋಡೋಕೆ ದುಡ್ಡು ಕೊಡೋದಾ?" ಎಂದ.

"ದೇವಸ್ಥಾನಕ್ಕೆ ಜಾತ್ರೆ ದಿನಾನೇ ಹೋಗಬೇಕೇನೋ? ಜಾತ್ರೇಲಿ ತೇರು ಕಾಣುತ್ತೆ, ದೇವರು ಕಾಣಲ್ಲ" ಎಂದೆ. ಮಾತಿನಲ್ಲಿ ಸೋತವನು ಟಿಕೆಟ್ ತೆಗೆಸಿದ. ಜುಬಿಲಿ ಲೈನಿನಲ್ಲಿ ಸೇಂಟ್ ಜಾನ್ಸ್ ವುಡ್ ನಿಲ್ದಾಣಕ್ಕೆ ಇಳಿದು, ಅಲ್ಲಿಂದ ನಡೆದೇ ಹೋದೆವು.

ನಮ್ಮ ಗುಂಪಿಗೆ ಸಿಕ್ಕ ಗೈಡು ಎಪ್ಪತ್ತರ ಆಸುಪಾಸಿನ ಹಿರಿಯರು. ಅವರ ಕೊರಳಿನ ಟೈ ನೋಡಿ ನನ್ನ ಅಳಿಯ ಮೊಣಕೈಯಿಂದ ತಿವಿದ. ಅರಿಸಿನ, ಕುಂಕುಮ! ಮೇರಿಲ್‌ಬೋನ್ ಕ್ರಿಕೆಟ್ ಕ್ಲಬ್ಬಿನ, ಅಂದರೆ ಎಂಸಿಸಿಯ ಬಣ್ಣಗಳು ಕೆಂಪು ಮತ್ತು ಹಳದಿ. ಟೆಸ್ಟ್ ಪಂದ್ಯದ ಬೆಳಿಗ್ಗೆ ಪೆವಿಲಿಯನ್ ಬಾಗಿಲಿನಲ್ಲಿ ಸದಸ್ಯರ ಸಾಲು ನೋಡಿದ ಕನ್ನಡಿಗನಿಗೆ ಇವತ್ತು ನವೆಂಬರ್ ಒಂದೇ ಎಂಬ ಅನುಮಾನ ಬಂದರೆ ತಪ್ಪಿಲ್ಲ.

ಗೈಡು ಕಥೆ ಶುರುಮಾಡಿದ್ದು ಥಾಮಸ್ ಲಾರ್ಡ್‌ನಿಂದ. ಈತ ಪ್ರಭುವೂ ಅಲ್ಲ, ಜಹಗೀರುದಾರನೂ ಅಲ್ಲ. ವೈನ್ ವ್ಯಾಪಾರಿ, ಜೊತೆಗೆ ಕ್ರಿಕೆಟ್ಟಿನ ಹುಚ್ಚು. 1787ರಲ್ಲಿ ಈಗಿನ ಡಾರ್ಸೆಟ್ ಸ್ಕ್ವೇರ್ ಇರುವ ಜಾಗದಲ್ಲಿ ಮೊದಲ ಮೈದಾನ ಮಾಡಿದ. ಎಂಸಿಸಿ ಹುಟ್ಟಿದ್ದೂ ಅದೇ ವರ್ಷ. ಗುತ್ತಿಗೆ ಮುಗಿದಾಗ ಅಲ್ಲಿಂದ ಎದ್ದ. ಎರಡನೆಯ ಜಾಗದ ಮೇಲೆ ರೀಜೆಂಟ್ಸ್ ಕಾಲುವೆ ಹಾಯುತ್ತದೆ ಎಂದರು, ಅಲ್ಲಿಂದಲೂ ಎದ್ದ. ಹೋದಲ್ಲಿಗೆಲ್ಲ ಹಳೆಯ ಮೈದಾನದ ಹುಲ್ಲುಹಾಸನ್ನೂ ಕಿತ್ತು ಹೊತ್ತುಕೊಂಡು ಹೋದ. ಮೂರನೆಯ ಸಲ ಸಿಕ್ಕಿದ್ದು ಈ ಇಳಿಜಾರು. ಕಾಲುವೆಯವರು ಒಕ್ಕಲೆಬ್ಬಿಸಿದ ಮೈದಾನವೇ ಇವತ್ತು ಕ್ರಿಕೆಟ್ಟಿನ ಕಾಶಿ ಎನ್ನಿಸಿಕೊಂಡಿದೆ.

ಇಳಿಜಾರಿನಿಂದ ಆಟಕ್ಕೆ ಏನಾಗುತ್ತದೆ ಎಂದು ಗುಂಪಿನಲ್ಲಿ ಯಾರೋ ಕೇಳಿದರು. ಪೆವಿಲಿಯನ್ ತುದಿಯಿಂದ ಎಸೆದ ಚೆಂಡು ಇಳಿಜಾರು ಹಿಡಿದು ಬಲಗೈ ಬ್ಯಾಟ್ಸ್‌ಮನ್ನನ ಒಳಕ್ಕೆ ನುಗ್ಗುತ್ತದೆ. ಎದುರಿನ ನರ್ಸರಿ ತುದಿಯಿಂದ ಎಸೆದದ್ದು ಸ್ಲಿಪ್ಪಿನ ಕಡೆಗೆ ಜಾರುತ್ತದೆ. ಗ್ಲೆನ್ ಮೆಕ್‌ಗ್ರಾತ್ 2005ರ ಆ್ಯಶಸ್‌ನಲ್ಲಿ ಪೆವಿಲಿಯನ್ ತುದಿಯಿಂದ ಬಂದು ಇಂಗ್ಲೆಂಡಿನ ಮೊದಲ ಐದು ವಿಕೆಟ್‌ಗಳನ್ನು ಒಬ್ಬನೇ ಕಿತ್ತದ್ದಕ್ಕೆ ಆತನ ಕೈಚಳಕ ಎಷ್ಟು ಕಾರಣವೋ ಈ ನೆಲವೂ ಅಷ್ಟೇ ಕಾರಣ. ಊರಿನವರಿಗಿಂತ ಹೊರಗಿನವನೇ ನೆಲದ ಗುಣ ಚೆನ್ನಾಗಿ ಅರಿತದ್ದು ಇಂಗ್ಲಿಷರಿಗೆ ಇನ್ನೂ ಅರಗಿಲ್ಲ.

ಪೆವಿಲಿಯನ್ 1890ರಲ್ಲಿ ಮುಗಿದ ಕೆಂಪು ಕಟ್ಟಡ. ಕಟ್ಟಿಸಿದ ವಾಸ್ತುಶಿಲ್ಪಿ ಥಾಮಸ್ ವೆರಿಟಿ. ಅದರೊಳಗೆ ಲಾಂಗ್ ರೂಮ್. ಎತ್ತರದ ಕಿಟಕಿಗಳು, ಗೋಡೆ ತುಂಬ ಹಳೆಯ ಕ್ರಿಕೆಟಿಗರ ತೈಲಚಿತ್ರಗಳು. ಮೇಲಿನ ಡ್ರೆಸ್ಸಿಂಗ್ ರೂಮಿನಿಂದ ಮೆಟ್ಟಿಲಿಳಿದ ಬ್ಯಾಟ್ಸ್‌ಮನ್ ಈ ಕೋಣೆಯಲ್ಲಿ ಸದಸ್ಯರ ನಡುವೆಯೇ ಹಾದು ಮೈದಾನಕ್ಕೆ ಹೋಗಬೇಕು. ಔಟಾದ ಮೇಲೆ ಅದೇ ಮುಖಗಳ ಮುಂದೆ ವಾಪಸ್ಸು ಬರಬೇಕು. 1975ರಲ್ಲಿ ಡೇವಿಡ್ ಸ್ಟೀಲ್ ಎಂಬಾತ ತನ್ನ ಮೊದಲ ಟೆಸ್ಟಿಗೆ ಬ್ಯಾಟ್ ಹಿಡಿದು ಇಳಿದವನು ಗಾಬರಿಯಲ್ಲಿ ಒಂದು ಅಂತಸ್ತು ಹೆಚ್ಚಿಗೆ ಇಳಿದು ನೆಲಮಾಳಿಗೆಯ ಶೌಚಾಲಯ ತಲುಪಿದ್ದ. ಗೈಡು ಈ ಕಥೆಯನ್ನು ನಗದೆ ಹೇಳಿದರು. ಎಷ್ಟು ಸಲ ಹೇಳಿರುತ್ತಾರೋ!

ಅವರು ನಗದೆ ಹೇಳಿದ ಇನ್ನೊಂದು ಸಂಗತಿಗೆ ನಮಗೂ ನಗು ಬರಲಿಲ್ಲ. ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಎಂಸಿಸಿಯಲ್ಲಿ ಹೆಂಗಸರಿಗೆ ಸದಸ್ಯತ್ವ ಇರಲಿಲ್ಲ. 1998ರಲ್ಲಿ ಮತ ಹಾಕಿ ಬಾಗಿಲು ತೆರೆದರು. ನೆಲದ ಇಳಿಜಾರನ್ನು ಕಾಪಾಡಿಕೊಂಡವರು ಈ ಇಳಿಜಾರನ್ನೂ ಅಷ್ಟೇ ಜತನದಿಂದ ಕಾಪಾಡಿಕೊಂಡಿದ್ದರು. 2017ರ ಮಹಿಳಾ ವಿಶ್ವಕಪ್ ಫೈನಲ್ ನಡೆದದ್ದು ಇದೇ ಅಂಗಳದಲ್ಲಿ. ವಿಜಯಪುರದ ರಾಜೇಶ್ವರಿ ಗಾಯಕವಾಡ್, ಕಡೂರಿನ ವೇದಾ ಕೃಷ್ಣಮೂರ್ತಿ ಆ ದಿನ ಭಾರತಕ್ಕೆ ಆಡಿದರು. ಗೆಲುವು ಒಂಬತ್ತು ರನ್ನಿನಿಂದ ತಪ್ಪಿತು. 2021ರಲ್ಲಿ ಕ್ಲೇರ್ ಕಾನರ್ ಕ್ಲಬ್ಬಿನ ಮೊದಲ ಮಹಿಳಾ ಅಧ್ಯಕ್ಷೆಯಾದರು. ತಡವಾಯಿತು, ಬಹಳವೇ ತಡವಾಯಿತು. ಆದರೆ ತಡವಾದದ್ದನ್ನು ಲಾಂಗ್ ರೂಮಿನಲ್ಲೇ ನಿಂತು ಪ್ರವಾಸಿಗಳಿಗೆ ಹೇಳುತ್ತಾರಲ್ಲ, ಅದು ನನಗೆ ಮೆಚ್ಚುಗೆಯಾಯಿತು.

ಅತಿಥಿ ತಂಡದ ಡ್ರೆಸ್ಸಿಂಗ್ ರೂಮಿನಲ್ಲಿ ನನ್ನ ಅಳಿಯನ ಗೊಣಗಾಟ ನಿಂತಿತು. ಗೋಡೆಯ ಮೇಲೆ ಆನರ್ಸ್ ಬೋರ್ಡ್. ಇಲ್ಲಿ ಟೆಸ್ಟ್ ಶತಕ ಹೊಡೆದವರ, ಒಂದು ಇನಿಂಗ್ಸ್‌ನಲ್ಲಿ ಐದು ವಿಕೆಟ್ ಪಡೆದವರ ಹೆಸರುಗಳನ್ನು ಅದರಲ್ಲಿ ಬರೆಯುತ್ತಾರೆ. ನಾವಿಬ್ಬರೂ ಕರ್ನಾಟಕದವರನ್ನು ಹುಡುಕತೊಡಗಿದೆವು. 1967ರ ಚಂದ್ರಶೇಖರ್, 127ಕ್ಕೆ ಐದು. 1979ರ ವಿಶ್ವನಾಥ್, 113. ಮೊದಲ ಇನಿಂಗ್ಸ್‌ನಲ್ಲಿ ಭಾರತ 96ಕ್ಕೆ ಗಂಟುಮೂಟೆ ಕಟ್ಟಿದ ಮೇಲೆ ವೆಂಗ್‌ಸರ್ಕಾರ್ ಜೊತೆ ನಿಂತು ಪಂದ್ಯ ಉಳಿಸಿದ ಶತಕ ಅದು. 1996ರ ವೆಂಕಟೇಶ ಪ್ರಸಾದ್, 76ಕ್ಕೆ ಐದು. ಅದೇ ಪಂದ್ಯದಲ್ಲಿ ಮೊದಲ ಟೆಸ್ಟ್ ಆಡಿದ ರಾಹುಲ್ ದ್ರಾವಿಡ್ 95ಕ್ಕೆ ಔಟಾದರು. ಐದು ರನ್ನಿನ ಆ ಬಾಕಿ ತೀರಿದ್ದು ಹದಿನೈದು ವರ್ಷದ ನಂತರ, 2011ರಲ್ಲಿ, ಔಟಾಗದೆ 103 ಹೊಡೆದಾಗ. ಇನ್ನೊಬ್ಬ ರಾಹುಲ್, ನಮ್ಮ ಕೆ.ಎಲ್. ರಾಹುಲ್, 2021ರಲ್ಲಿ 129, 2025ರಲ್ಲಿ ಸರಿಯಾಗಿ ನೂರು.

"ಸಚಿನ್ ಎಲ್ಲಿ ಮಾವ?" ಎಂದ ಅಳಿಯ. ಇಲ್ಲ. ತೆಂಡೂಲ್ಕರ್ ಲಾರ್ಡ್ಸ್‌ನಲ್ಲಿ ಟೆಸ್ಟ್ ಶತಕ ಹೊಡೆಯಲಿಲ್ಲ. ಗಾವಸ್ಕರ್ ಹೆಸರೂ ಟೆಸ್ಟ್ ಶತಕದ ಪಟ್ಟಿಯಲ್ಲಿಲ್ಲ. ಅಜಿತ್ ಅಗರ್ಕರ್ ಇದ್ದಾರೆ: 2002ರಲ್ಲಿ ಔಟಾಗದೆ 109. ಈ ಬೋರ್ಡಿನ ಲೆಕ್ಕ ಹಾಗೆ. ಅದಕ್ಕೆ ಆ ಐದು ದಿನ ಬಿಟ್ಟರೆ ಬೇರೆ ಪುರಾಣ ಬೇಕಿಲ್ಲ. 1983ರ ಜೂನ್ 25ರಂದು 183 ರನ್ ಮಾಡಿದ ಭಾರತ ವೆಸ್ಟ್ ಇಂಡೀಸನ್ನು 140ಕ್ಕೆ ಕೆಡವಿತಲ್ಲ, ಆ ವಿಶ್ವಕಪ್ ಫೈನಲ್‌ನಲ್ಲಿ ಕ್ಲೈವ್ ಲಾಯ್ಡ್ ವಿಕೆಟ್ ಪಡೆದ ರೋಜರ್ ಬಿನ್ನಿಗೂ, ಬ್ಯಾಕಸ್‌ನ ಕ್ಯಾಚ್ ಹಾರಿ ಹಿಡಿದ ಸೈಯದ್ ಕಿರ್ಮಾನಿಗೂ ಇಲ್ಲಿ ಜಾಗವಿಲ್ಲ. ಆ ಪಂದ್ಯಾವಳಿಯಲ್ಲಿ ಬಿನ್ನಿಯವರಷ್ಟು ವಿಕೆಟ್ ಪಡೆದವರು ಯಾರೂ ಇಲ್ಲ, ಒಟ್ಟು 18. ಭಾರತ ತನ್ನ ಮೊಟ್ಟಮೊದಲ ಟೆಸ್ಟ್ ಆಡಲು ಸಿ.ಕೆ. ನಾಯುಡು ನಾಯಕತ್ವದಲ್ಲಿ ಇಳಿದದ್ದೂ ಇಲ್ಲೇ, ಅದೂ ಜೂನ್ 25ರಂದೇ, 1932ರಲ್ಲಿ. ಪೆವಿಲಿಯನ್ನಿನ ಬಾಲ್ಕನಿಯಲ್ಲಿ ನಿಂತಾಗ, ಕಪಿಲ್ ಕಪ್ ಎತ್ತಿ ಹಿಡಿದದ್ದೂ ಗಂಗೂಲಿ ಅಂಗಿ ಬಿಚ್ಚಿ ಬೀಸಿದ್ದೂ ಎಷ್ಟು ಇಕ್ಕಟ್ಟಾದ ಜಾಗದಲ್ಲಿ ಎಂದು ಅಚ್ಚರಿಯಾಯಿತು.

ವಸ್ತುಸಂಗ್ರಹಾಲಯದಲ್ಲಿ ಎಲ್ಲರೂ ಮುತ್ತುವುದು ಆ್ಯಶಸ್ ಕರಂಡಕವನ್ನು. ಗೇಣುದ್ದವೂ ಇಲ್ಲದ ಈ ಮಣ್ಣಿನ ಪಾತ್ರೆಗಾಗಿ ಎರಡು ದೇಶಗಳು ಇಷ್ಟೊಂದು ಬಡಿದಾಡುತ್ತವೆಯೇ ಎನ್ನಿಸುತ್ತದೆ. ನನಗೆ ಹಿಡಿಸಿದ್ದು ಒಂದು ಗುಬ್ಬಚ್ಚಿ. 1936ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯಕ್ಕೆ ಆಡುತ್ತಿದ್ದ ಜಹಾಂಗೀರ್ ಖಾನ್ ಎಸೆದ ಚೆಂಡು, ಹಾರಿಬಂದ ಗುಬ್ಬಚ್ಚಿಗೆ ತಗುಲಿ ಅದು ಸತ್ತಿತು. ಅದನ್ನು ಒಣಗಿಸಿ, ಚೆಂಡಿನ ಮೇಲೆಯೇ ಕೂರಿಸಿ ಇಟ್ಟಿದ್ದಾರೆ. ಎಸೆದ ಜಹಾಂಗೀರ್ 1932ರ ಆ ಮೊದಲ ಟೆಸ್ಟಿನಲ್ಲಿ ಭಾರತಕ್ಕೆ ಆಡಿದವರು. ಬೋರ್ಡಿನಲ್ಲಿ ಹೆಸರಿಲ್ಲದಿದ್ದರೂ ಲಾರ್ಡ್ಸ್‌ನಲ್ಲಿ ಅವರಿಗೊಂದು ಶಾಶ್ವತ ವಿಕೆಟ್ ಇದೆ.

ಟೂರ್ ಮುಗಿದರೆ ಅರ್ಧ ನೋಡಿದಂತೆ. ಉಳಿದರ್ಧಕ್ಕೆ ಮಿಡ್ಲ್‌ಸೆಕ್ಸ್‌ನ ಕೌಂಟಿ ಪಂದ್ಯಕ್ಕೆ ಹೋದೆವು. ಟೆಸ್ಟ್ ಟಿಕೆಟ್ಟಿಗೆ ಲಾಟರಿಯಲ್ಲಿ ಹೆಸರು ಬರಬೇಕು, ಬಂದರೂ ಜೇಬು ಗಟ್ಟಿ ಇರಬೇಕು. ಕೌಂಟಿಗೆ ಆ ಪಾಡಿಲ್ಲ. ಸುಮಾರು 31,000 ಜನ ಹಿಡಿಸುವ ಮೈದಾನದಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು, ಒಬ್ಬೊಬ್ಬರಿಗೂ ಒಂದೊಂದು ಬ್ಲಾಕ್. ಮನೆಯಿಂದ ತಿಂಡಿ ತರಲು ಅಡ್ಡಿಯಿಲ್ಲ. ನೀರಿನ ಬಾಟಲಿಯನ್ನೂ ಗೇಟಿನಲ್ಲೇ ಕಿತ್ತುಕೊಳ್ಳುವ ನಮ್ಮ ಕ್ರೀಡಾಂಗಣಗಳ ಅಭ್ಯಾಸವಿರುವ ನಾನು ಚಿತ್ರಾನ್ನದ ಡಬ್ಬಿಯನ್ನು ಕಳ್ಳಮಾಲಿನಂತೆ ಹಿಡಿದು ಒಳಹೊಕ್ಕೆ, ಯಾರೂ ಕೇಳಲಿಲ್ಲ. ಪಕ್ಕದ ಸಾಲಿನಲ್ಲಿ ಪೆನ್ಸಿಲ್ ಹಿಡಿದು ಸ್ಕೋರ್ ಬರೆಯುತ್ತಿದ್ದ ಅಜ್ಜನಿಗೆ ಚಕ್ಕುಲಿ ಕೊಟ್ಟೆವು. ಅವರು ಮುರಿದು ತಿಂದು, ಅಳಿಯನಿಗೆ ಪಾಠ ಹೇಳಿದರು: ಚೆಂಡಿಗಿಂತ ಮೊದಲು ಕೀಪರ್ ಎಲ್ಲಿ ನಿಂತಿದ್ದಾನೆ ನೋಡು, ಇಳಿಜಾರು ಅಲ್ಲಿ ಕಾಣುತ್ತದೆ. ಒಂದು ಬದಿಗೆ 1890ರ ಪೆವಿಲಿಯನ್, ಅದಕ್ಕೆ ಎದುರಾಗಿ ದೋಣಿ ಕಟ್ಟುವವರು ಅಲ್ಯೂಮಿನಿಯಂನಲ್ಲಿ ಮಾಡಿಕೊಟ್ಟ 1999ರ ಮೀಡಿಯಾ ಸೆಂಟರ್. ಇನ್ನೊಂದು ಮೂಲೆಯಲ್ಲಿ, ವಿಕೆಟ್ ಮೇಲಿನ ಬೇಲ್ಸ್‌ಗೆ ಕೈ ಹಾಕಿ ಬಗ್ಗಿ ನಿಂತ ಕಾಲಪುರುಷನ ಗಾಳಿಕೋಳಿ. ಸಂಜೆಯ ತನಕ ಒಂದು ಸಿಕ್ಸರೂ ಬರಲಿಲ್ಲ, ನಾವೂ ಏಳಲಿಲ್ಲ.

ವಾಪಸ್ಸು ಬರುವಾಗ ನನ್ನ ಮನಸ್ಸು ಬೆಂಗಳೂರಿಗೆ ಓಡಿತ್ತು. ಚಿನ್ನಸ್ವಾಮಿ ಕ್ರೀಡಾಂಗಣದ ಮೊದಲ ಟೆಸ್ಟ್ ನಡೆದದ್ದು 1974ರಲ್ಲಿ. ಗಾರ್ಡನ್ ಗ್ರೀನಿಜ್, ವಿವಿಯನ್ ರಿಚರ್ಡ್ಸ್ ಇಬ್ಬರೂ ಟೆಸ್ಟ್ ಕ್ರಿಕೆಟ್ಟಿಗೆ ಕಾಲಿಟ್ಟದ್ದು ಅದೇ ಪಂದ್ಯದಲ್ಲಿ, ನಮ್ಮ ಎಂ.ಜಿ. ರಸ್ತೆಯ ಪಕ್ಕದಲ್ಲಿ. ಈ ಕಥೆ ಕೇಳುತ್ತಾ ಅಲ್ಲಿ ಸುತ್ತಾಡಿದ ಶಾಲಾ ಮಕ್ಕಳನ್ನು ನಾನು ಕಂಡಿಲ್ಲ. ಲಾರ್ಡ್ಸ್‌ನಲ್ಲಿರುವುದೂ ಹುಲ್ಲು, ಇಟ್ಟಿಗೆ, ಮರದ ಹಲಗೆಗಳೇ. ಅದರ ಜೊತೆಗೆ ಸತ್ತ ಗುಬ್ಬಚ್ಚಿಯನ್ನೂ ದಾರಿತಪ್ಪಿದ ಬ್ಯಾಟ್ಸ್‌ಮನ್ನನನ್ನೂ ಹೆಂಗಸರಿಗೆ ಮುಚ್ಚಿದ್ದ ಬಾಗಿಲನ್ನೂ ಬಿಡದೆ ಹೇಳುವ ಜನ ಇದ್ದಾರೆ. ಆ ಮೈದಾನವನ್ನು ದೊಡ್ಡದು ಮಾಡಿರುವವರು ಅವರೇ. ಚಂದ್ರ ಎಸೆದದ್ದನ್ನು, ವಿಶಿ ಸ್ಕ್ವೇರ್ ಕಟ್ ಹೊಡೆದದ್ದನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರನ್ನು ಮೈದಾನಕ್ಕೆ ಕರೆತಂದು ಮಕ್ಕಳ ಮುಂದೆ ನಿಲ್ಲಿಸುವ ಕೆಲಸ ಈಗಲೇ ಆಗಬೇಕು. ಲಂಡನ್ನಿಗೆ ಹೋಗುವವರು ಲಾರ್ಡ್ಸ್‌ನ ಟೂರನ್ನೂ ಒಂದು ಕೌಂಟಿ ಪಂದ್ಯವನ್ನೂ ಎರಡು ಬೇರೆ ದಿನ ನೋಡಿ ಬನ್ನಿ. ಹೋಗಲಾಗದವರು ನಿಮ್ಮೂರಿನ ಹಳೆಯ ಆಟಗಾರರ ಮನೆಗೆ ಒಮ್ಮೆ ಹೋಗಿ ಬನ್ನಿ.