ಬಾಗಿಲ ಪಕ್ಕದ ಬೆಂಚು

ಬೆಳಗ್ಗೆ ಆರೂವರೆ. ಭಾಂಡುಪ್‌ನ ಒನ್ ರೂಮ್ ಕಿಚನ್ ಮನೆ. ಗ್ಯಾಸಿನ ಮೇಲೆ ಹಾಲು, ಪಕ್ಕದ ಕಾವಲಿಯಲ್ಲಿ ಮಗಳ ಡಬ್ಬಿಗೆ ದೋಸೆ. ಒಂಬತ್ತನೆಯ ತರಗತಿಯ ಹುಡುಗಿ. ಯೂನಿಫಾರ್ಮ್ ತೊಟ್ಟಾಗಿದೆ, ಎರಡು ಜಡೆ ಹಾಕಿದ್ದಾಗಿದೆ. ಬೂಟಿನ ಲೇಸು ಕಟ್ಟುತ್ತಿದ್ದವಳ ಕೈ ನಿಂತುಬಿಡುತ್ತದೆ.

"ಅಮ್ಮ, ಹೊಟ್ಟೆ ನೋಯ್ತಿದೆ."

ಗ್ಯಾಸ್ ಆರಿಸಿ ಹತ್ತಿರ ಹೋಗುತ್ತೀರಿ. ಅವಳ ಅಂಗೈ ತಣ್ಣಗಿದೆ, ಬೆವತಿದೆ. ಫ್ಯಾಮಿಲಿ ಡಾಕ್ಟರು ನೋಡಿದ್ದಾರೆ, ಸೋನೋಗ್ರಫಿ ಆಗಿದೆ, ಹೊಟ್ಟೆಯಲ್ಲಿ ಏನೂ ಇಲ್ಲ. ರಜೆಯ ದಿನ ನೋವಿಲ್ಲ. ಭಾನುವಾರ ಹೊತ್ತು ಮುಳುಗುತ್ತಿದ್ದಂತೆ ಮತ್ತೆ ಶುರು. ಕೆಳಗೆ ಸ್ಕೂಲ್ ವ್ಯಾನಿನ ಕಾಕಾ ಹಾರ್ನ್ ಹೊಡೆಯುತ್ತಾರೆ. ಮಗಳು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಾಳೆ. ಸ್ವಲ್ಪ ಹೊತ್ತು ಕಾದು ವ್ಯಾನು ಹೊರಟುಹೋಗುತ್ತದೆ.

ಮಂಚದ ಮೇಲೆ 'ಕರ್ನಾಟಕ ಮಲ್ಲ' ಹಿಡಿದು ಕೂತ ಮಾವ ತಲೆ ಎತ್ತುತ್ತಾರೆ. "ನಾವೆಲ್ಲ ಹಗಲಿಡೀ ಹೋಟೆಲಿನಲ್ಲಿ ಕಪ್ಪುಬಸಿ ತೊಳೆದು ರಾತ್ರಿ ಶಾಲೆಗೆ ಹೋದವರು. ಹೊಟ್ಟೆನೋವು ಅಂತ ಕೂತಿದ್ದರೆ ಆಗ್ತಿತ್ತಾ?"

ನೀವು ಉತ್ತರಿಸುವುದಿಲ್ಲ. ಸ್ಕೂಲ್ ಡೈರಿಯಲ್ಲಿ ಕೆಂಪು ಶಾಯಿಯ ಸಾಲುಗಳು ಸಾಲಾಗಿ ನಿಂತಿವೆ: ಗೈರು, ಕಾರಣ ತಿಳಿಸಿಲ್ಲ. ಹೋಮ್‌ವರ್ಕ್ ಅಪೂರ್ಣ. ಪೋಷಕರು ಬಂದು ಕಾಣಬೇಕು.

ಹತ್ತು ಗಂಟೆಯ ಸ್ಲೋ ಲೋಕಲ್‌ನಲ್ಲಿ ಗರ್ದಿ ಸ್ವಲ್ಪ ಇಳಿದಿರುತ್ತದೆ. ಕಾಂಜೂರ್, ವಿಕ್ರೋಲಿ, ಘಾಟ್‌ಕೋಪರ್, ವಿದ್ಯಾವಿಹಾರ್, ಕುರ್ಲಾ ದಾಟಿ ಸಯನ್‌ನಲ್ಲಿ ಇಳಿದು ಲೋಕಮಾನ್ಯ ತಿಲಕ್ ಆಸ್ಪತ್ರೆಗೆ ನಡೆಯುತ್ತೀರಿ. ಊರೆಲ್ಲ ಅದನ್ನು ಸಯನ್ ಆಸ್ಪತ್ರೆ ಎಂದೇ ಕರೆಯುತ್ತದೆ. ಕೇಸ್ ಪೇಪರಿನ ಕಿಟಕಿಯ ಮುಂದೆ ಉದ್ದನೆಯ ಸಾಲು. ಮಾನಸಿಕ ರೋಗ ವಿಭಾಗದ ಹೊರಗಿನ ಬೆಂಚಿನಲ್ಲಿ ಮಗಳು ಓಢಣಿಯಿಂದ ಅರ್ಧ ಮುಖ ಮುಚ್ಚಿಕೊಳ್ಳುತ್ತಾಳೆ. "ಗುರುತಿನವರು ಯಾರಾದ್ರೂ ನೋಡಿದ್ರೆ?" ಸುತ್ತ ನೋಡಿ. ಖಾಕಿ ಅಂಗಿಯ ರಿಕ್ಷಾ ಚಾಲಕ, ಬ್ಯಾಂಕಿನ ಗುರುತಿನ ಚೀಟಿ ಕೊರಳಲ್ಲಿರುವ ಹೆಂಗಸು, ಪುಸ್ತಕ ತೆರೆದಿಟ್ಟುಕೊಂಡ ಕಾಲೇಜು ಹುಡುಗ. ಎಲ್ಲರೂ ತಮ್ಮ ಸರದಿ ಕಾಯುತ್ತಿದ್ದಾರೆ, ಯಾರೂ ಅವಳನ್ನು ನೋಡುತ್ತಿಲ್ಲ.

ಡಾಕ್ಟರು ಮೊದಲು ಮಗಳೊಬ್ಬಳ ಜತೆ ಮಾತಾಡುತ್ತಾರೆ, ಆಮೇಲೆ ನಿಮ್ಮನ್ನು ಕರೆಯುತ್ತಾರೆ. ತೀವ್ರ ಆತಂಕ, ಆಂಗ್ಸೈಟಿ. ನೋವು ನಾಟಕವಲ್ಲ, ಭಯವಾದಾಗ ಕರುಳು ನಿಜವಾಗಿಯೇ ಹಿಂಡುತ್ತದೆ. ಕೌನ್ಸೆಲಿಂಗ್‌ಗೆ ಬರುತ್ತಿರಬೇಕು. ಆದರೆ ಮನೆಯಲ್ಲೇ ಉಳಿಸಿಕೊಂಡಷ್ಟೂ ಶಾಲೆಯ ಭಯ ಬಲಿಯುತ್ತದೆ. ಸ್ವಲ್ಪ ಸ್ವಲ್ಪವಾಗಿ ಮರಳಿ ಕಳಿಸಬೇಕು, ಅದಕ್ಕೆ ಶಾಲೆಯೂ ಕೈಜೋಡಿಸಬೇಕು.

"ಶಾಲೆಗೆ ಕೊಡುವ ಪತ್ರದಲ್ಲಿ ಏನು ಬರೆಯಲಿ?" ಡಾಕ್ಟರು ಕೇಳಿದ್ದು ನಿಮ್ಮನ್ನಲ್ಲ, ಮಗಳನ್ನು.

ಅವಳು ಯೋಚಿಸಿ ಹೇಳುತ್ತಾಳೆ: "ಪ್ರಿನ್ಸಿಪಾಲ್‌ಗೆ ಗೊತ್ತಾದ್ರೆ ಪರವಾಗಿಲ್ಲ. ಕಾಯಿಲೆಯ ಹೆಸರು ಕ್ಲಾಸಿನಲ್ಲಿ ಯಾರಿಗೂ ಬೇಡ."

ಅವಳಿಗೆ ಅಷ್ಟು ಹೇಳುವ ಹಕ್ಕಿದೆ. ರೋಗಿಯ ವಿವರವನ್ನು ಗೋಪ್ಯವಾಗಿಡುವುದು ವೈದ್ಯರ ಕರ್ತವ್ಯ ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಪತ್ರದಲ್ಲಿ ರೋಗದ ವರ್ಣನೆ ಚಿಕ್ಕದು. ಯಾವ ಸಂದರ್ಭದಲ್ಲಿ ಮಗು ಕುಸಿಯುತ್ತದೆ, ಆಗ ಏನು ಮಾಡಿದರೆ ಚೇತರಿಸಿಕೊಳ್ಳುತ್ತದೆ ಎಂಬುದೇ ಹೆಚ್ಚು. ನಿಮಗೆ ಬೇಕಾದ ಪತ್ರ ಇಂಥದ್ದು.

ರಾತ್ರಿ ಊಟ ಮುಗಿದ ಮೇಲೆ ಅರ್ಜಿ ಬರೆಯಲು ಕೂರುತ್ತೀರಿ. 'ದಯವಿಟ್ಟು ನನ್ನ ಮಗಳನ್ನು ಸ್ವಲ್ಪ ಅರ್ಥಮಾಡಿಕೊಳ್ಳಿ' ಎಂದು ಮೊದಲ ಸಾಲು. ಓದಿ ನೋಡಿ, ಹೊಡೆದುಹಾಕಿ. ಅರ್ಥಮಾಡಿಕೊಂಡಿದ್ದೇವೆ ಎಂದು ಯಾರು ಬೇಕಾದರೂ ಹೇಳಬಹುದು, ಆದರೆ ಅದರಿಂದ ನಾಳೆ ತರಗತಿಯಲ್ಲಿ ಒಂದು ಕಡ್ಡಿಯೂ ಅಲುಗುವುದಿಲ್ಲ. ಮಗಳನ್ನೇ ಕೇಳಿ: ದಿನದಲ್ಲಿ ಯಾವ ಹೊತ್ತು ಹೆಚ್ಚು ಕಷ್ಟ?

"ಮೂರನೇ ಪೀರಿಯಡ್. ಮ್ಯಾಥ್ಸ್ ಮಿಸ್ ಯಾವುದಾದ್ರೂ ರೋಲ್ ನಂಬರ್ ಕರೆದು ಬೋರ್ಡಿಗೆ ಕಳಿಸ್ತಾರೆ. ನನ್ನದು ಯಾವಾಗ ಬರತ್ತೋ ಅಂತ ಮೊದಲ ಪೀರಿಯಡ್‌ನಿಂದಲೇ ಎದೆ ಹೊಡ್ಕೊಳ್ತದೆ. ಎದ್ದು ಹೊರಗೆ ಹೋಗೋಣ ಅಂದ್ರೆ ನಾನು ಮಧ್ಯದ ಬೆಂಚು, ಎಲ್ಲರೂ ನೋಡ್ತಾರೆ."

ಈಗ ಬರೆಯುವುದು ಸುಲಭ. ಬಾಗಿಲ ಪಕ್ಕದ ಬೆಂಚು. ಕೈ ಎತ್ತಿ ಕಾರಣ ಹೇಳದೆಯೇ ಹೊರಗೆ ಹೋಗಲು ಒಂದು ಕಾರ್ಡು. ಹೋಗಿ ಕೂರಲು ಒಂದು ಜಾಗ, ಅಲ್ಲಿ ಒಬ್ಬ ಗೊತ್ತಾದ ಟೀಚರ್. ಬೋರ್ಡಿಗೆ ಕರೆಯುವುದಿದ್ದರೆ ಹಿಂದಿನ ದಿನವೇ ಸೂಚನೆ. ಅಂಕಗಳನ್ನು ಗಟ್ಟಿಯಾಗಿ ಓದಬಾರದು. ಯೂನಿಟ್ ಟೆಸ್ಟ್ ಚಿಕ್ಕ ಕೋಣೆಯಲ್ಲಿ. ಆರಂಭದಲ್ಲಿ ಅರ್ಧ ದಿನ, ಕ್ರಮೇಣ ಪೂರ್ತಿ ದಿನ.

ಮಾವ ಇನ್ನೂ ಮಲಗಿಲ್ಲ. "ಮಾವ, ನಿಮ್ಮ ರಾತ್ರಿ ಶಾಲೆ ಎಷ್ಟು ಹೊತ್ತಿಗೆ ಶುರುವಾಗ್ತಿತ್ತು?" ಎಂದು ಕೇಳಿ ನೋಡಿ.

"ಹೋಟೆಲಿನ ಕೆಲಸ ಮುಗಿದ ಮೇಲೆ. ಸೇಟು ತಡವಾಗಿ ಬಿಟ್ಟರೆ ತಡವಾಗಿಯೇ ಹೋಗ್ತಿದ್ದೆವು. ಮಾಸ್ತರರು ಹೊರಗೆ ನಿಲ್ಲಿಸ್ತಿರಲಿಲ್ಲ. ಅವರಿಗೂ ಹಗಲು ಬೇರೆ ನೌಕರಿ."

ಮಾತು ಅಲ್ಲಿಗೆ ನಿಂತರೂ ನಿಮಗೆ ಬೇಕಾದ್ದು ಸಿಕ್ಕಿದೆ. ಕಳೆದ ಶತಮಾನದ ಆರಂಭದಿಂದಲೇ ಮುಂಬಯಿಯ ಕನ್ನಡ ಸಂಘಗಳು ರಾತ್ರಿ ಶಾಲೆಗಳನ್ನು ಕಟ್ಟಿದವು. ಕರಾವಳಿಯಿಂದ ಬಂದು ಹೋಟೆಲು ಸೇರಿದ ಹುಡುಗರು ಹಗಲು ಶಾಲೆಗೆ ಹೋಗಲಾರರು ಎಂದು ಕಂಡಾಗ, ಹುಡುಗರು ಸರಿಯಿಲ್ಲ ಎಂದು ನಮ್ಮ ಹಿರಿಯರು ಹೇಳಲಿಲ್ಲ, ಶಾಲೆಯ ಹೊತ್ತನ್ನೇ ಬದಲಾಯಿಸಿದರು. ಮಗುವಿಗೆ ತಕ್ಕಂತೆ ಶಾಲೆ ಸರಿದುಕೊಳ್ಳುವುದು ಈ ಊರಿನ ಕನ್ನಡಿಗರಿಗೆ ಹೊಸ ವಿಚಾರವಲ್ಲ. ಅದರ ಫಲ ಉಂಡವರು ನಿಮ್ಮ ಮನೆಯಲ್ಲೇ ಇದ್ದಾರೆ.

ಈಗ ಪ್ರಿನ್ಸಿಪಾಲರ ಕೋಣೆ. ಗೋಡೆಯ ಮೇಲೆ ಹತ್ತನೆಯ ತರಗತಿಯ ಫಲಿತಾಂಶದ ಬೋರ್ಡು, ಮೇಜಿನಾಚೆ ಪ್ರಿನ್ಸಿಪಾಲ್, ಪಕ್ಕದಲ್ಲಿ ಸೂಪರ್‌ವೈಸರ್, ಕ್ಲಾಸ್ ಟೀಚರ್. ಮಾತು ಅರ್ಧ ಹಿಂದಿ, ಅರ್ಧ ಇಂಗ್ಲಿಷ್. ಒಬ್ಬರೇ ಹೋಗಬೇಡಿ. ಗಂಡನೋ ಅಕ್ಕನೋ ಪಕ್ಕದಲ್ಲಿ ಕೂತು ಬರೆದುಕೊಳ್ಳಲಿ.

ಕ್ಲಾಸ್ ಟೀಚರ್ ಮೊದಲು ಮಾತಾಡುತ್ತಾರೆ. ಸ್ವರದಲ್ಲಿ ಸಿಟ್ಟಿಲ್ಲ, ದಣಿವಿದೆ. "ಅರವತ್ತು ಮಕ್ಕಳಿದ್ದಾರೆ. ಒಬ್ಬಳಿಗೆ ಮಾಡಿದರೆ ಎಲ್ಲರಿಗೂ ಮಾಡಬೇಕಾಗತ್ತೆ."

ಅವರ ಕಷ್ಟವನ್ನು ಮೊದಲು ಒಪ್ಪಿಕೊಳ್ಳಿ, ಅದು ನಿಜ. ಆಮೇಲೆ ಹೇಳಿ: ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದ ಮಕ್ಕಳ ಪೈಕಿ ಶೇ. 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಕಂಡುಬಂತು. ಆ ಲೆಕ್ಕದಲ್ಲಿ ಅರವತ್ತು ಮಕ್ಕಳ ತರಗತಿಯಲ್ಲಿ ನಾಲ್ವರು. ನನ್ನ ಮಗಳು ಬಾಯಿಬಿಟ್ಟು ಹೇಳಿದ್ದಾಳೆ, ಉಳಿದವರು ಸುಮ್ಮನಿದ್ದಾರೆ.

ಸೂಪರ್‌ವೈಸರ್ ಕೇಳುತ್ತಾರೆ: "ಶೇಕಡಾ ನಲವತ್ತರ ಸರ್ಟಿಫಿಕೇಟ್ ಇದೆಯಾ?"

ಈ ಪ್ರಶ್ನೆ ಬಂದೇ ಬರುತ್ತದೆ, ಉತ್ತರ ಕೈಯಲ್ಲಿರಲಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳ ಪಟ್ಟಿಯಲ್ಲಿ ಮಾನಸಿಕ ಅಸ್ವಸ್ಥತೆಯೂ ಇದೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಇಂಥ ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕೆಂದು ಅದರ 16ನೆಯ ಕಲಮು ಹೇಳುತ್ತದೆ. ಶೇ. 40ರಷ್ಟು ವೈಕಲ್ಯ ಎಂಬ ಗೆರೆ ಮೀಸಲಾತಿಯಂಥ ಸೌಲಭ್ಯಗಳಿಗೆ ಸಂಬಂಧಿಸಿದ್ದು. ಬರೆಯುವಾಗ ಕೈ ಸೆಟೆದುಕೊಳ್ಳುತ್ತಿದ್ದ ಅಭ್ಯರ್ಥಿ ವಿಕಾಸ್ ಕುಮಾರ್ ಅವರ ಪ್ರಕರಣದಲ್ಲಿ, ಹೊಂದಾಣಿಕೆಯ ಹಕ್ಕನ್ನು ಆ ಗೆರೆಗೆ ಕಟ್ಟಿಹಾಕಬಾರದೆಂದು ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ಹೇಳಿತು. ಅದೇ ವರ್ಷದ ನವೆಂಬರಿನಲ್ಲಿ, ಡಿಸ್‌ಗ್ರಾಫಿಯಾ ಇದ್ದು ನೀಟ್ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಸಿಗದೆ ಮೊದಲು ಬಾಂಬೆ ಹೈಕೋರ್ಟಿಗೆ ಹೋಗಿದ್ದ ಅವನಿ ಪ್ರಕಾಶ್ ಪ್ರಕರಣದಲ್ಲಿ ಅದನ್ನೇ ಮತ್ತೆ ಎತ್ತಿಹಿಡಿಯಿತು. ಜಗಳದ ದನಿಯಲ್ಲಿ ಹೇಳಬೇಕಿಲ್ಲ. ಕಾಗದ ಮುಂದಿಡಿ, ಓದಲು ಬಿಡಿ.

ಸ್ವಲ್ಪ ಹೊತ್ತಿನ ಮೌನದ ಬಳಿಕ ಪ್ರಿನ್ಸಿಪಾಲ್ ಮೃದುವಾಗಿ ಹೇಳುತ್ತಾರೆ: "ಯಾಕೆ ಒತ್ತಡ? ಮನೆಯಲ್ಲೇ ಓದಲಿ. ಹತ್ತನೆಯದಕ್ಕೆ ಫಾರ್ಮ್ 17 ತುಂಬಬಹುದಲ್ಲ."

ಇಲ್ಲಿ ಎಚ್ಚರ. ಫಾರ್ಮ್ 17 ಖಾಸಗಿಯಾಗಿ ಪರೀಕ್ಷೆಗೆ ಕೂರುವವರಿಗಾಗಿ ರಾಜ್ಯ ಮಂಡಳಿ ಇಟ್ಟಿರುವ ದಾರಿ. ಓದು ಬಿಟ್ಟು ದುಡಿಮೆಗೆ ಇಳಿದವರಿಗೆ ಅದು ದೊಡ್ಡ ಆಸರೆ. ಆದರೆ ಶಾಲೆಗೆ ಮರಳಬೇಕಾದ ಮಗುವಿಗೆ ಅದು ಶಾಲೆಯ ಬಾಗಿಲನ್ನೇ ಮುಚ್ಚುತ್ತದೆ. "ಇಲ್ಲ ಮೇಡಮ್, ಅವಳು ಇಲ್ಲೇ ಓದ್ತಾಳೆ. ಶಾಲೆಗೆ ಬರೋದೇ ಅವಳಿಗೆ ಅರ್ಧ ಚಿಕಿತ್ಸೆ ಅಂತ ಡಾಕ್ಟರ್ ಬರೆದಿದ್ದಾರೆ." ಅಷ್ಟು ಹೇಳಿ ನಿಲ್ಲಿಸಿ. ಮುಂದಿನ ಮಾತು ಅವರದಾಗಲಿ.

ಪ್ರಿನ್ಸಿಪಾಲ್ ನಿಮ್ಮ ಪಟ್ಟಿಯನ್ನು ಎಳೆದುಕೊಂಡು ಪೆನ್ನು ಹಿಡಿಯುತ್ತಾರೆ. ಬೆಂಚು ಆಗಬಹುದು. ಕಾರ್ಡು ಆಗಬಹುದು. ಕೂರಲು ಲೈಬ್ರರಿ. ಅಲ್ಲಿ ಯಾರು? ಕ್ಲಾಸ್ ಟೀಚರೇ ಲೈಬ್ರರಿ ಟೀಚರ್ ಹೆಸರು ಹೇಳುತ್ತಾರೆ. ಮಗಳು ಆ ಟೀಚರ್ ಜತೆ ಮಾತಾಡುತ್ತಾಳೆ ಎಂಬುದನ್ನು ಅವರು ಗಮನಿಸಿದ್ದರು. ಬೋರ್ಡಿನ ವಿಚಾರಕ್ಕೆ ಮ್ಯಾಥ್ಸ್ ಟೀಚರನ್ನು ಕೇಳಬೇಕು. ಪರೀಕ್ಷೆಗೆ ಬೇರೆ ಕೋಣೆ ಈ ಸಲ ಆಗದು. ಎಲ್ಲವೂ ಒಂದೇ ದಿನ ಸಿಗುವುದಿಲ್ಲ. ಸಿಕ್ಕಿದ್ದನ್ನೂ ಬಾಕಿ ಉಳಿದದ್ದನ್ನೂ ಬರೆದುಕೊಂಡು, ಮತ್ತೆ ಸೇರುವ ತಾರೀಖನ್ನು ಅಲ್ಲೇ ಗೊತ್ತುಮಾಡಿ.

ಹೊರಗೆ ಕ್ಲರ್ಕಿನ ಕಿಟಕಿ. ಅರ್ಜಿಯ ಎರಡು ಪ್ರತಿ ಕೊಡಿ. ಒಂದರ ಮೇಲೆ ಶಿಕ್ಕಾ, ಇನ್‌ವರ್ಡ್ ನಂಬರ್, ತಾರೀಖು ಹಾಕಿಸಿ ವಾಪಸು ತನ್ನಿ. ಈ ಊರಿನ ಕಚೇರಿಗಳಲ್ಲಿ ಇದಕ್ಕೆ ಪೋಚ್ ಎನ್ನುತ್ತಾರೆ. ಬಾಯಿಮಾತಿನಲ್ಲಿ ಒಪ್ಪಿದ ಟೀಚರಿಗೆ ವರ್ಗವಾಗಬಹುದು, ಪ್ರಿನ್ಸಿಪಾಲ್ ನಿವೃತ್ತರಾಗಬಹುದು. ಪೋಚ್ ಇರುವ ಕಾಗದ ಫೈಲಿನಲ್ಲಿ ಉಳಿಯುತ್ತದೆ.

ಮುಂದಿನ ವಾರಗಳು ನೇರವಾಗಿ ಸಾಗುವುದಿಲ್ಲ. ಒಂದು ದಿನ ಅರ್ಧ ದಿನ ಪೂರ್ತಿ ಕೂತು ಬರುತ್ತಾಳೆ, ಮರುದಿನ ಗೇಟಿನಿಂದಲೇ ಹಿಂತಿರುಗುತ್ತಾಳೆ. ರಾತ್ರಿ ನಿಮಗೇ ಧೈರ್ಯ ಉಡುಗಿದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೂ ಮಾತಾಡಬಹುದು. 2022ರ ಅಕ್ಟೋಬರಿನಲ್ಲಿ ಶುರುವಾದ ಸೇವೆ ಅದು.

ಆಮೇಲೆ ಪಿ.ಟಿ.ಎ. ಸಭೆಗೆ ಹೋಗಿ, ಎದ್ದು ನಿಂತು ಕೇಳಿ: ನಮ್ಮ ಶಾಲೆಯಲ್ಲಿ ಕೌನ್ಸೆಲರ್ ಎಲ್ಲಿ? ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹತೆ ಪಡೆದ ಒಬ್ಬ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸೋಶಿಯಲ್ ವರ್ಕರ್ ಆದರೂ ಇರಬೇಕೆಂದು 2025ರ ಜುಲೈಯಲ್ಲಿ, ಸುಕ್‌ದೇಬ್ ಸಾಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸೂಚಿಸಿದೆ. ಮಗಳನ್ನು ಕಳೆದುಕೊಂಡ ತಂದೆಯೊಬ್ಬರು ಹತ್ತಿದ ಮೆಟ್ಟಿಲುಗಳಿಂದ ಬಂದ ಸೂಚನೆ ಅದು. ಕಲಿಕಾ ನ್ಯೂನತೆಯ ಮಕ್ಕಳಿಗೆ ಪರೀಕ್ಷೆಯಲ್ಲಿ ರಿಯಾಯಿತಿ ಕೊಡಬೇಕೆಂಬ ಮಾತೂ ಒಂದು ಕಾಲಕ್ಕೆ ದುಬಾರಿ ಬೇಡಿಕೆಯಂತೆ ಕೇಳಿಸುತ್ತಿತ್ತು. ಮಹಾರಾಷ್ಟ್ರ ಸರ್ಕಾರ 1996ರಲ್ಲಿ ಅದನ್ನು ಒಪ್ಪಿತು. ಇಂದು ಹೆಚ್ಚಿನ ಶಾಲೆಗಳು ಅದಕ್ಕೆ ಹುಬ್ಬೇರಿಸುವುದಿಲ್ಲ.

ನಿಮ್ಮ ಅರ್ಜಿ ನಿಮ್ಮ ಮಗಳೊಬ್ಬಳದಲ್ಲ. ಹೇಳಿಕೊಳ್ಳಲಾಗದ ಆ ಮೂವರು ಮಕ್ಕಳ ತಾಯಂದಿರಿಗೆ, ಕೇಳಬಹುದು, ಕೇಳಿದರೆ ಸಿಗುತ್ತದೆ ಎಂದು ತೋರಿಸಿಕೊಡಬೇಕಾದವರು ನೀವು. ಅವರಲ್ಲೊಬ್ಬರು ಸಭೆ ಮುಗಿದ ಮೇಲೆ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಮಾತು ಶುರು ಮಾಡಿದರೆ, ನಿಮ್ಮ ಅರ್ಜಿಯ ಒಂದು ಜೆರಾಕ್ಸ್ ಅವರಿಗೂ ಕೊಡಿ.