ನಡುವಿನ ಮೀಟರು

ನಮ್ಮನಿ ಎಟಿಯೋಸ್ ಗಾಡಿ ಮಾರೋದೋ ಇಟ್ಕೊಳ್ಳೋದೋ ಅಂತ ಎರಡು ತಿಂಗಳಿಂದ ಮನ್ಯಾಗ ವಾದ ನಡದದ. 2012ರಾಗ ತೊಗೊಂಡದ್ದು, 2027ಕ್ಕ ಹದಿನೈದು ವರ್ಷ ತುಂಬತಾವ. "ಬಂದ್ ಆದ ಗಾಡಿ, ಕೊಟ್ಟಬಿಡೋಣು" ಅಂತಾರ ನಮ್ಮನಿಯವ್ರು.

ಬಂದ್ ಆಗಿದ್ದು ಖರೆ. ಟೊಯೋಟಾ ಜಪಾನಿನ ಕಂಪನಿ, ಆದ್ರ ಈ ಗಾಡಿ ತಯಾರಾಗಿದ್ದು ನಮ್ಮ ಬಿಡದಿಯೊಳಗ. 2010ರ ಡಿಸೆಂಬರದಾಗ ಎಟಿಯೋಸ್ ಬಂತು, ಮರುವರ್ಷ ಡಿಕ್ಕಿ ಮೊಟಕಾದ ತಂಗಿ ಲೀವಾ ಬಂತು. ಇಲ್ಲಿಂದ ದಕ್ಷಿಣ ಆಫ್ರಿಕಾಕ್ಕೂ ಹೋದ್ವು. 2020ರ ಏಪ್ರಿಲಿಗೆ ಬಿಎಸ್-6 ಹೊಗಿ ನಿಯಮ ಬಂತಲಾ, ಆವಾಗ ನಮ್ಮ ದೇಶದಾಗ ಎರಡನ್ನೂ ನಿಲ್ಲಿಸಿಬಿಟ್ರು.

ತಂದ ದಿನ ಬಾಜೂಮನಿ ವೈನಿ, "ಏನ್ರಿ, ಟ್ಯಾಕ್ಸಿ ತಂದೀರಿ?" ಅಂದಿದ್ರು. ನನಗ ಭಾಳ ನಾಚಿಗಿ ಆಗಿತ್ತು. ಈಗ ಅನಸ್ತದ, ಟ್ಯಾಕ್ಸಿಯವ್ರು ನೋಡೋದೂ ನಾವು ಹೆಣ್ಣಮಕ್ಕಳು ನೋಡೋದೂ ಒಂದ. ಹಿಂದ ಕಾಲಿಡೋ ಜಾಗಾ ಸಪಾಟ, ನಡುವ ಕೂತಾಕಿ ಮುದುಡಿ ಕೂಡಬೇಕಿಲ್ಲ. ಡಿಕ್ಕಿ ಅಂತೂ 595 ಲೀಟರು! ತವರಮನಿಯಿಂದ ಜ್ವಾಳದ ಚೀಲ, ಉಪ್ಪಿನಕಾಯಿ ಭರಣಿ ತುಂಬಿದ್ರೂ ಇನ್ನಷ್ಟು ಜಾಗಾ ಉಳೀತಿತ್ತು.

ಒಂದ ತ್ರಾಸು. ಸ್ಪೀಡಿನ ಮೀಟರು ಸ್ಟೀರಿಂಗ್ ಮುಂದ ಇಲ್ಲ, ನಟ್ಟನಡುವ ಅದ. ಹಿಂದ ಕೂತ ಅತ್ತಿಯವ್ರಿಗೂ ಕಾಣ್ತಿತ್ತು! ನಾನರೆ ನಲವತ್ತರ ಮ್ಯಾಲೆ ಗಾಡಿ ಕಲ್ತಾಕಿ. ಮುಳ್ಳು ಐವತ್ತು ದಾಟಿತೋ ಇಲ್ಲೋ, "ಸಾವಕಾಶ ಹೊಡಿಯವಾ" ಅಂತ ಶುರು.

ಒಂದು ರಾತ್ರಿ ಮಾವನವ್ರು ಎದಿ ಹಿಡ್ಕೊಂಡು ಕುಸದ್ರು. ಮನಿಯವ್ರು ಪುಣೆಕ್ಕ ಹೋಗಿದ್ರು. ರಾತ್ರಿ ನಾ ಒಮ್ಮೆನೂ ಗಾಡಿ ಹೊಡದಿರಲಿಲ್ಲ. ಮಾವನವ್ರನ್ನ ಹಿಂದ ಮಲಗಿಸಿ, ಅವ್ರ ತಲಿ ತೊಡಿಮ್ಯಾಲೆ ಇಟ್ಕೊಂಡು ಅತ್ತಿಯವ್ರು ಕೂತ್ರು. ಧಾರವಾಡದಿಂದ ಹುಬ್ಬಳ್ಳಿ ದವಾಖಾನಿಗೆ ಹೊಂಟ್ವಿ. ನವನಗರ ಬರೋತನಕ ಅವ್ರು ಪಿಟ್ ಅನಲಿಲ್ಲ. ಆಮ್ಯಾಲೆ ಸಣ್ಣ ದನಿಲೇ ಅಂದ್ರು, "ಅರವತ್ತ ಅದವಾ. ಇನ್ನೊಂಚೂರು ಜೋರ ಹೊಡಿ."

ಮಾವನವ್ರು ಆಮ್ಯಾಲೆ ಆರು ವರ್ಷ ನಮ್ಮ ಜೊತಿ ಇದ್ರು. ಹ್ವಾದ ವರ್ಷ ಅತ್ತಿಯವ್ರೂ ಹೋದ್ರು. ಈಗ ಎಂಬತ್ತು ಹೊಡದ್ರೂ ಹಿಂದಿನಿಂದ ಯಾರೂ ಬೈಯೂದಿಲ್ಲ. ನಾನ ಆ ಮೀಟರು ನೋಡಿ ಕಾಲು ಸಡ್ಲ ಬಿಡ್ತೀನಿ.

ಮಾರೂದು ಬ್ಯಾಡ, ಇನ್ನೈದು ವರ್ಷಕ್ಕ ರಜಿಸ್ಟ್ರೇಶನ್ ಮಾಡಸ್ರಿ ಅಂತ ಮನಿಯವ್ರಿಗೆ ಹೇಳೇಬಿಟ್ಟೀನಿ. ಮೊನ್ನೆ ಬಾಜೂಮನಿ ವೈನಿನೂ ಸಂತಿಗೆ ನಮ್ಮ ಜೊತಿನ ಬಂದ್ರು. "ಟ್ಯಾಕ್ಸಿ ತಯಾರ ಅದರಿ ವೈನಿ" ಅಂದೆ. ನಕ್ಕೋತ ಹತ್ತಿ ಕೂತ್ರು.