ಹೊಲ ಹೋಗಿ ತಗಡು ಬಂದಾಗ ಮೋರಿ ಸಾಲದಾಯಿತು

ಎಂಬತ್ತರ ದಶಕದ ಕೊನೆಗೆ ನಾನು ಕೊಲ್ಹಾಪುರ ಜಿಲ್ಲೆಯಲ್ಲಿ ಓವರ್‌ಸೀಯರ್ ಆಗಿ ಕೆಲಸಕ್ಕೆ ಸೇರಿದಾಗ ಮೋರಿಯ ಅಳತೆ ಹಳ್ಳದ ದಂಡೆಯ ಮೇಲೇ ಗೊತ್ತಾಗುತ್ತಿತ್ತು. ಜಾಲಿಗಿಡಕ್ಕೆ ಸಿಕ್ಕಿಕೊಂಡ ಕಸ ಎಷ್ಟು ಎತ್ತರಕ್ಕಿದೆ ನೋಡುವುದು, ಪಕ್ಕದ ಹೊಲದವರನ್ನು ವಿಚಾರಿಸುವುದು, 900 ಮಿ.ಮೀ. ಹ್ಯೂಮ್ ಪೈಪು ಒಂದು ಸಾಲೋ ಎರಡು ಸಾಲೋ ಎಂದು ವಹಿಯಲ್ಲಿ ಬರೆದುಕೊಳ್ಳುವುದು. ದೊಡ್ಡ ಹಳ್ಳಕ್ಕಾದರೆ ಮುಂಬಯಿ ಪ್ರಾಂತದ ಇಂಜಿನಿಯರ್ ಇಂಗ್ಲಿಸ್ ಅವರ ಸೂತ್ರವಿತ್ತು. ಸಣ್ಣ ಹಳ್ಳಗಳಿಗೆ ಕಣ್ಣಂದಾಜೇ ಗತಿ.

ಗಡಹಿಂಗ್ಲಜ ಕಡೆ ಕೆಲಸ ನಡೆದಾಗ ಕನ್ನಡದ ರೈತಜ್ಜ ಒಬ್ಬರು ಹೇಳಿದ್ದು ಇವತ್ತಿಗೂ ನನಗೆ ಪ್ರಮಾಣ. “ತಮ್ಮಾ, ಆರಿದ್ರಾ ಪುನರ್ವಸು ವಾರಗಟ್ಟಲೆ ಹಿಡದ್ರೂ ಈ ಹಳ್ಳ ಏನೂ ಮಾಡಾಂಗಿಲ್ಲ. ಚಿತ್ತಿ ಮಳಿ ಒಂದ ತಾಸು ಬಡೀತಂದ್ರ ಬದುವ ಒಡಕೊಂಡ ಬರತೈತಿ.” ಹಿರಣ್ಯಕೇಶಿ, ಪಂಚಗಂಗೆ ತುಂಬುವುದು ಘಟ್ಟದ ಜಿಟಿಜಿಟಿ ಮಳೆಗೆ. ಮೋರಿಯ ಪರೀಕ್ಷೆ ಆಗುವುದು ಮೇ ತಿಂಗಳ ಸಂಜೆಯ ಗುಡುಗುಮಳೆಗೆ, ಅಕ್ಟೋಬರದ ಮರಳುಮಳೆಗೆ. ವರ್ಷಕ್ಕೆ ಎಷ್ಟು ಮಳೆಯಾಯಿತು ಎಂಬುದರಿಂದ ಮೋರಿಗೆ ಏನೂ ಆಗಬೇಕಿಲ್ಲ. ತಾಸಿಗೆ ಎಷ್ಟು ಬಿತ್ತು ಎಂಬುದೇ ಮುಖ್ಯ.

ಮುಂದೆ ಲೆಕ್ಕದ ಕಾಲ ಬಂತು. ಹರಿದುಹೋಗುವ ಪಾಲು, ತಾಸಿನ ಮಳೆ, ಹೆಕ್ಟೇರು, ಈ ಮೂರನ್ನೂ ಗುಣಿಸಿ 360ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ನೀರು ಬರುತ್ತದೆಂದು ಸಿಗುತ್ತದೆ. 40 ಹೆಕ್ಟೇರು ಜೋಳದ ಹೊಲ ಎನ್ನಿ. ಬಿದ್ದದ್ದರಲ್ಲಿ 0.35 ಪಾಲು ಹರಿಯುತ್ತದೆ, ತಾಸಿಗೆ 60 ಮಿ.ಮೀ. ಮಳೆ: 2.3 ಘನ ಮೀಟರ್. ಇನ್ನೂರಕ್ಕೆ ಒಂದರ ಇಳಿಜಾರಿದ್ದರೆ 900ರ ಎರಡು ಪೈಪು ಇದನ್ನು ಸಾಗಿಸುತ್ತವೆ. ಅದೇ ನೆಲದ ಮೇಲೆ ತಗಡಿನ ಶೆಡ್ಡು, ಕಾಂಕ್ರೀಟು ಅಂಗಳ, ಡಾಂಬರು ರಸ್ತೆ ಬಂದರೆ ಪಾಲು 0.8ಕ್ಕೆ ಏರುತ್ತದೆ. ಅಷ್ಟೇ ಅಲ್ಲ, ನೀರು ಎಲ್ಲೂ ನಿಲ್ಲದೆ ಬೇಗ ಬಂದು ಸೇರುವುದರಿಂದ ಕಡಿಮೆ ಹೊತ್ತಿನ, ಹೆಚ್ಚು ರಭಸದ ಮಳೆಯನ್ನೇ ಲೆಕ್ಕಕ್ಕೆ ಹಿಡಿಯಬೇಕು. 90 ಮಿ.ಮೀ. ಹಿಡಿದರೆ 8 ಘನ ಮೀಟರ್! ಎರಡೂವರೆ ಮೀಟರ್ ಅಗಲ, ಎರಡು ಮೀಟರ್ ಎತ್ತರದ ಬಾಕ್ಸ್ ಮೋರಿ ಬೇಕು. ಆಕಾಶ ಅದೇ, ಹಳ್ಳವೂ ಅದೇ. ನೀರು ಮೂರು ಪಟ್ಟು ಮೀರಿತು.

ಇದು ನನ್ನ ಕಣ್ಣೆದುರೇ ಆಯಿತು. ಶಿರೋಳಿ, ಗೋಕುಳ ಶಿರಗಾವ, ಆಮೇಲೆ ಕಾಗಲ-ಹಾತಕಣಂಗಲೆಯ ಪಂಚತಾರಾ ಕೈಗಾರಿಕಾ ವಸಾಹತು, ಒಂದೊಂದೂ ಹೊಲವನ್ನು ತಗಡಾಗಿ ಮಾಡಿತು. ಹೊಲಕ್ಕೆಂದು ಹಾಕಿದ ಪೈಪುಗಳು ಎಷ್ಟೋ ಕಡೆ ಹಾಗೇ ಉಳಿದವು. ಒಂದು ಕಾರ್ಖಾನೆಯವರು ಹಳ್ಳವನ್ನು ತಮ್ಮ ಕಂಪೌಂಡಿನೊಳಗೆ ಸೇರಿಸಿಕೊಂಡು ಫೌಂಡ್ರಿಯ ಸುಟ್ಟ ಉಸುಕು ಸುರಿದರು. ಮೇಲಿನ ಪ್ಲಾಟಿನ ಸಣ್ಣ ಉದ್ಯಮಿಯ ಲೇಥುಗಳು ಒಂದೇ ಸಂಜೆಯ ಮಳೆಗೆ ಕೆಸರಿನಲ್ಲಿ ನಿಂತವು. ಅವನ ಮುಖ ನೆನೆದರೆ ಈಗಲೂ ಸಂಕಟವಾಗುತ್ತದೆ. ಇಚಲಕರಂಜಿಯ ಕಥೆ ಬೇರೆ. 1904ರಿಂದ ಯಂತ್ರಮಗ್ಗ ಕಂಡ ಊರು. ಅಲ್ಲಿ ಮೋರಿಯ ಜಾಳಿಗೆಗೆ ನೂಲಿನ ಚೂರು, ಹತ್ತಿಯ ಪುಂಜು ಹತ್ತಿಕೊಂಡು, ಅಳತೆ ಸರಿಯಿದ್ದ ಮೋರಿಯೂ ಅರ್ಧ ಬಾಯಿ ಮುಚ್ಚಿರುತ್ತದೆ.

ಇನ್ನು 2019ರ ಆಗಸ್ಟ್ ತಿಂಗಳ ನೆರೆ. ಪಂಚಗಂಗೆಯ ರಾಜಾರಾಮ ಬಂಧಾರದಲ್ಲಿ 43 ಅಡಿ ಅಪಾಯದ ಮಟ್ಟ. ಪಂಚಗಂಗೆ 55 ಅಡಿ ದಾಟಿದಳು. 2021ರ ಜುಲೈಯಲ್ಲಿ 56. ಶಿರೋಳಿಯ ಹತ್ತಿರ ಪುಣೆ-ಬೆಂಗಳೂರು ಹೆದ್ದಾರಿಯೇ ಮುಳುಗಿತು. ನದಿಯ ನೀರು ಮೋರಿಯ ಹೊರಬಾಯಿಗೆ ಏರಿ ನಿಂತಾಗ ಯಾವ ಅಳತೆಯ ಪೈಪೂ ಕೆಲಸಕ್ಕೆ ಬರುವುದಿಲ್ಲ, ನೀರು ಹಿಂದಕ್ಕೇ ಒತ್ತುತ್ತದೆ. ಮೋರಿಯ ಬಾಯಿಯನ್ನು ಗುಡುಗುಮಳೆಗೆ ಅಳೆಯಬೇಕು, ಶೆಡ್ಡಿನ ನೆಲದ ಮಟ್ಟವನ್ನು ನದಿಗೆ ಅಳೆಯಬೇಕು. ಎರಡನ್ನೂ ಒಂದೇ ಲೆಕ್ಕದಲ್ಲಿ ಮುಗಿಸಿದ ಕಡೆಯೆಲ್ಲ ನಷ್ಟವಾಗಿದೆ.

ಈ ಭಾಗದಲ್ಲಿ ಪ್ಲಾಟು ಹಿಡಿಯುವವರಿಗೆ ನನ್ನ ವಿನಂತಿ: ನಕಾಶೆಯಲ್ಲಿರುವ ಹಳ್ಳದ ಮೇಲೆ ಗೋಡೆ ಎತ್ತಬೇಡಿ. ಮೇಲಿನ ಪ್ಲಾಟುಗಳೆಲ್ಲ ತಗಡಾದ ಮೇಲೆ ಬರುವ ನೀರಿಗೆ ತಕ್ಕ ಮೋರಿಯನ್ನು ಕೇಳಿ ಪಡೆಯಿರಿ. ಪ್ರತಿವರ್ಷ ಏಪ್ರಿಲ್ ಮುಗಿಯುವುದರೊಳಗೆ ಅದರ ಬಾಯಿಯ ಹೂಳು ತೆಗೆಸಿರಿ.